ಸೋಮವಾರದ ಜಾಲರಿ

"ಹೌದು ಇಲ್ಲಾ ಅಲ್ಲ, ಅಷ್ಟೇ ಹೇಳಪ್ಪ. ಪುರಾಣ ಬೇಡ!"

"ಪುರಾಣವಂತೆ! ನಿನ್ನ ತೊಟ್ಟಿಲು ತೂಗಿದವನು ಕಣೇ ನಾನು. ನನ್ನನ್ನೇ ಗದರಿಸ್ತೀಯಾ?"

"ನಾನೀಗ ಮಗಳಲ್ಲ, ಎದುರು ಪಕ್ಷದ ವಕೀಲೆ."

ಇಸ್ತ್ರಿ ಮೇಜಿನ ಹಿಂದೆ ನನ್ನನ್ನು ನಿಲ್ಲಿಸಿದ್ದಳು. ಅದೇ ಕಟಕಟೆ. ಕಾನೂನು ಓದುವ ಹುಡುಗಿ, ವಾರ ಕಳೆದರೆ ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ಪಾಟೀಸವಾಲು ಮಾಡಬೇಕು. ನನಗೋ ನಾಳೆಯೇ ನಿಜವಾದ ಕೋರ್ಟು. ಕಾರ್ಖಾನೆಯ ತಗಡು ಒತ್ತುವ ಪ್ರೆಸ್ಸಿನಲ್ಲಿ ನನ್ನ ಬಾಮೈದನ ಮೂರು ಬೆರಳು ಹೋಗಿವೆ. ಕೈ ಒಳಗೆ ಹೋಗದಂತೆ ಯಂತ್ರದ ಬಾಯಿಗೆ ಹಾಕುವ ಜಾಲರಿಯನ್ನು ಅವನೇ ಬಿಚ್ಚಿದ ಅನ್ನುತ್ತಾರೆ ಯಜಮಾನರು. ಅವನು ಪಾಳಿಗೆ ಬರುವ ಮೊದಲೇ ಜಾಲರಿ ಇರಲಿಲ್ಲ ಅನ್ನಲು ಇರುವ ಸಾಕ್ಷಿ, ಅಲ್ಲೇ ಹಿಂದಿನ ಪಾಳಿಯಲ್ಲಿ ದುಡಿದಿದ್ದ ನಾನೊಬ್ಬನೇ.

ಬಾಮೈದ ಮೂಲೆಯ ಕುರ್ಚಿಯಲ್ಲಿ ಕೈಗೆ ಟವೆಲು ಸುತ್ತಿಕೊಂಡು ಕೂತಿದ್ದ.

"ಪ್ರೆಸ್ಸು ತೊಳೆಯೋದು ಸೋಮವಾರ. ಹೌದಾ?"

"ಹೌದು."

"ಆಗ ಜಾಲರಿ ಬಿಚ್ಚಿ ಗೋಡೆಗೆ ಒರಗಿಸ್ತೀರಿ. ಹೌದಾ?"

"ಹೌದು, ಆದರೆ ನಾನು ನೋಡಿದ್ದು..."

"ಹೌದು ಅಂದ್ರಿ, ಸಾಕು. ಬೆರಳು ಹೋಗಿದ್ದು ಮಂಗಳವಾರ. ನೀವು ಗೋಡೆ ಹತ್ತಿರ ನೋಡಿದ್ದು ಸೋಮವಾರದ ಜಾಲರಿ, ಅಲ್ವಾ?"

ಗೋಡೆಗೆ ಒರಗಿದ ಜಾಲರಿ, ಅದರಿಂದ ತೊಟ್ಟಿಕ್ಕುವ ಎಣ್ಣೆ, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಯಾವ ದಿನದ್ದು? ನಾಲ್ಕು ತಿಂಗಳಿಂದ ಸಿಕ್ಕವರಿಗೆಲ್ಲ ಮಂಗಳವಾರ ಅಂದಿದ್ದೇನೆ. ನೋಡಿದ್ದರಿಂದ ಹೇಳಿದೆನೋ, ಹೇಳಿ ಹೇಳಿ ನೋಡಿದಂತಾಯಿತೋ?

"ಗೊತ್ತಾಗ್ತಿಲ್ಲ" ಎಂದೆ.

"ಸಿಕ್ಕಿಬಿದ್ರಿ!" ಮಗಳು ಕುಣಿದೇಬಿಟ್ಟಳು. ಆಮೇಲೆ ಮೂಲೆಯ ಕಡೆ ನೋಡಿ ಮುಖ ಸಣ್ಣದು ಮಾಡಿಕೊಂಡಳು. "ಬರೀ ಅಭ್ಯಾಸ ಮಾವ ಇದು. ನಾಳೆ ಅಪ್ಪ ಸರಿಯಾಗಿ ಹೇಳ್ತಾರೆ."

"ಏನಂತ ಹೇಳ್ತೀರಿ ಭಾವ?"

ನನಗೇ ತಿಳಿಯದ್ದನ್ನು ಏನೆಂದು ಹೇಳಲಿ? ಸಿಟ್ಟು ನೆತ್ತಿಗೇರಿತು.

"ನನ್ನನ್ನೇನೋ ಕೇಳ್ತೀಯಾ? ಕೈ ಹಾಕಿದೋನು ನೀನು. ನೀನೇ ಬಿಚ್ಚಿದ್ಯೋ ಏನೋ, ಯಾರು ಕಂಡರು!"

ಯಾಕೆ ಹಾಗಂದೆ? ಮಗಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಬಾಮೈದ ಎದ್ದು ಬಾಗಿಲಿಗೆ ಹೋಗಿ, ಉಳಿದ ಬೆರಳುಗಳಲ್ಲಿ ಚಪ್ಪಲಿಯ ಪಟ್ಟಿ ಎಳೆಯತೊಡಗಿದ. ಅವಳು ಹಾಕಿಕೊಡಲು ಬಗ್ಗಿದಳು. ಕಾಲು ಹಿಂದಕ್ಕೆಳೆದುಕೊಂಡು, ಪಟ್ಟಿ ಜೋತಾಡುತ್ತಿದ್ದಂತೆಯೇ ಮೆಟ್ಟಿಲಿಳಿದು ಹೋದ.

ಮರುದಿನ ಕೋರ್ಟಿನಲ್ಲಿ ಅವನ ಹೆಸರನ್ನು ಮೂರು ಸಲ ಕೂಗಿದರು. ಬರಲಿಲ್ಲ.