ಮೂರು ಪುಸ್ತಕಗಳ ಕಟ್ಟು

ಪುಸ್ತಕದ ಮಾತು ಪಂಡಿತರಿಗೆ ಬಿಟ್ಟದ್ದು. ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಕಲಿತ ನನ್ನಂಥವರು ಅದರಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರಿನ ವಾಚನಾಲಯದಿಂದ ಕಾದಂಬರಿ ಒಂಟಿಯಾಗಿ ಹೊರಗೆ ಹೋಗುತ್ತಿರಲಿಲ್ಲ. ಅದರ ವಿಷಯಕ್ಕೆ ಹೊಂದುವ ಇನ್ನೆರಡು ಪುಸ್ತಕ ಸೇರಿಸಿ, ಹತ್ತಿಯ ಪಟ್ಟಿಯಲ್ಲಿ ಕಟ್ಟಿ ಕೊಡುವುದು ಅಲ್ಲಿನ ಪದ್ಧತಿ. ಮೂರೂ ಒಟ್ಟಿಗೇ ವಾಪಸು ಬರಬೇಕು. ಜೊತೆ ಕೂಡಿಸುವ ಕೆಲಸ ಹಿರಿಯ ಗ್ರಂಥಪಾಲಕಿಯದು. ಅವರ ನಿವೃತ್ತಿ ಹತ್ತಿರ ಬಂದಿತ್ತು. ಆ ಕೆಲಸ ಅವರ ಅಕ್ಕನ ಮಗಳಿಗೆ ಸಿಗುವುದೋ ಇಲ್ಲವೋ ಅನ್ನುವುದು ಅವಳು ಕಟ್ಟುವ ಮೊದಲ ಕಟ್ಟಿನ ಮೇಲೆ ನಿಂತಿತ್ತು.

ಅವಳು ಆರಿಸಿದ್ದು, ಒಂದೇ ಅಂಗಡಿಯಲ್ಲಿ ಕ್ಷೌರ ಮಾಡುತ್ತಾ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಕಾದಂಬರಿ. ಅದರ ಜೊತೆಗೆ ಒಂದು ಕಾಳಿಗೆ ಕಿತ್ತಾಡುವ ಗುಬ್ಬಿಗಳ ಮಕ್ಕಳ ಕಥೆ, ಮತ್ತೆ ಮೊಳೆಯಿಲ್ಲದೆ ಮರ ಜೋಡಿಸುವುದನ್ನು ಕಲಿಸುವ ಬಡಗಿ ಕೈಪಿಡಿ.

“ತಾಳಮೇಳ ಬೇಡ್ವೇನೇ? ಕಾದಂಬರಿಗೂ ಉಳಿಗೂ ಏನು ನಂಟು?” ಅಂದರು ಚಿಕ್ಕಮ್ಮ.

“ಎರಡು ಮರ ಕೂಡ್ಬೇಕಾದ್ರೆ ಎರಡನ್ನೂ ಸ್ವಲ್ಪ ಕೆತ್ಬೇಕಂತೆ ಚಿಕ್ಕಮ್ಮ. ಅದರಲ್ಲೇ ಬರೆದಿದೆ.”

“ನೋಡೋಣ. ಓದದೇ ವಾಪಸು ಬಂತೋ, ನೀನು ಕಪಾಟಿನ ಧೂಳು ಒರೆಸ್ಕೊಂಡಿರು.”

ಕಟ್ಟನ್ನು ಒಯ್ದವನು ಎದುರು ಬೀದಿಯ ಗ್ಯಾರೇಜಿನ ಮೇಸ್ತ್ರಿ. ಬೆಣ್ಣೆ ಕೊಟ್ಟರೂ ಸುಣ್ಣ ಅನ್ನುವ ಆಸಾಮಿ. ವಾಪಸು ಬಂದವನು ಮೇಜಿನ ಮೇಲಿಟ್ಟದ್ದು ಎರಡೇ ಪುಸ್ತಕ.

“ಬಡಗಿ ಪುಸ್ತಕ ಎಲ್ಲಿ?” ಚಿಕ್ಕಮ್ಮ ಕನ್ನಡಕವನ್ನು ಮೂಗಿನ ತುದಿಗಿಳಿಸಿದರು.

“ತಮ್ಮನ ಹತ್ರ. ಕಾದಂಬರಿ ಓದಿದ ಮೇಲೆ ಸುಮ್ನಿರೋಕಾಗ್ಲಿಲ್ಲ. ಅವನು ಬಡಗಿ. ಅದನ್ನ ಅವನ ಹೊಸ್ತಿಲ ಮೇಲಿಟ್ಟು ಓಡಿ ಬಂದೆ.”

“ಮೂರೂ ಒಟ್ಟಿಗೆ ತರ್ಬೇಕು ಅಂತ ಗೊತ್ತಿಲ್ವ?”

“ಗೊತ್ತಿದ್ದಕ್ಕೇ ವಾಪಸು ಕೇಳೋಕೆ ಹೋದೆ ಅಮ್ಮಾ. ಎಷ್ಟೋ ವರ್ಷದ ಮೇಲೆ ಮಾತಾಡಿಸ್ದೆ ಅವನನ್ನ. ಇನ್ನೂ ಓದಿ ಮುಗಿದಿಲ್ವಂತೆ. ಕಾದಂಬರೀನೂ ಬೇಕಂತೆ. ಇನ್ನೊಂದು ವಾರ ಕೊಡ್ತೀರಾ?”

ಚಿಕ್ಕಮ್ಮ ಡ್ರಾಯರಿನಿಂದ ಕಟ್ಟು ಕಟ್ಟುವ ಪಟ್ಟಿಯ ಸುರುಳಿ ತೆಗೆದು ಅವಳ ಕಡೆ ತಳ್ಳಿದರು. “ಇದನ್ನ ಜೋಡಿಸಿದ್ದು ನಮ್ಮ ಹುಡುಗಿ!” ಅಂದರು, ಇಡೀ ವಾಚನಾಲಯಕ್ಕೆ ಕೇಳುವ ಹಾಗೆ. ಅಲ್ಲಿ ಗಟ್ಟಿಯಾಗಿ ಮಾತಾಡಬಾರದೆಂದು ಫಲಕ ಬರೆಸಿದ್ದವರೂ ಅವರೇ.

ಅವಳು ಎರಡೂ ಪುಸ್ತಕಗಳನ್ನು ಮತ್ತೆ ಕಟ್ಟಿದಳು. ಮೇಸ್ತ್ರಿಯ ಕೈಗಿತ್ತಳು.

ಆದರೆ ಅಣ್ಣತಮ್ಮಂದಿರನ್ನು ಮಾತಿಗೆ ತಂದದ್ದು ಪುಸ್ತಕವೋ, ಮೂರನ್ನೂ ಹಿಂದಿರುಗಿಸಬೇಕೆಂಬ ನಿಯಮವೋ ಅವಳಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.