ಪಲ್ಲವಿ ಮುಗಿಯುವ ತನಕ

"ಅಪ್ಪನ ಕಾಲು ಸ್ವಲ್ಪ ಎತ್ತೇ, ನಿಯೇವೆಸ್. ಎಷ್ಟು ಹೊತ್ತು ಹೀಗೇ ಬಗ್ಗಿರ್ಲಿ?"

ಮಗಳು ತಂದೆಯ ಹಿಮ್ಮಡಿ ಎತ್ತಿ ಹಿಡಿದಳು. ತಾಯಿ ಒತೀಲಿಯ, ತೀರಿಹೋದ ಗಂಡ ಫೆರ್ಮಿನನ ಕಾಲಿಗೆ ಕುಣಿತದ ಬಿಳಿ ಬೂಟು ತೊಡಿಸಿದಳು. ಇಪ್ಪತ್ತಾರು ವರ್ಷದ ಸಕ್ಕರೆ ಕಾಯಿಲೆ. ಆದರೂ ಹತ್ತು ಬೆರಳೂ ನೆಟ್ಟಗಿದ್ದವು. ದಿನಾ ಅವಳೇ ತೊಳೆದು, ಒರೆಸಿ, ನೋಡಿಕೊಂಡ ಬೆರಳುಗಳು.

"ಕೊನೇಲಿ ಅಪ್ಪಂಗೆ ನೆನಪು ಸರಿಯಿತ್ತೇನಮ್ಮಾ?"

"ಇರದೇ ಏನು?" ಎಂದಳು, ಮುಖ ಎತ್ತಲಿಲ್ಲ. ಶನಿವಾರ ವೆರಾಕ್ರೂಸ್‌ನ ಚೌಕದಲ್ಲಿ ನಡೆದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

ಫೆರ್ಮಿನನ ಅಣ್ಣನಿಗೂ ಇದೇ ಸಕ್ಕರೆ ಕಾಯಿಲೆ. ಕೊನೆಕೊನೆಗೆ ಅದು ತಲೆಗೇರಿ, ನೆನಪು ಹೋಗಿ, ಆತ ಹೆಂಡತಿಯನ್ನೇ "ನೀವ್ಯಾರಮ್ಮಾ?" ಎಂದು ಕೇಳಿದ್ದ. ಅದನ್ನು ಕಣ್ಣಾರೆ ಕಂಡ ಫೆರ್ಮಿನ್ ಊಟ ಬಿಟ್ಟು ಕೂತ.

"ಮೈ ಬಗ್ಗಿಸ್ರೀ ಯಜಮಾನ್ರೇ," ಎಂದರು ಡಾಕ್ಟರಮ್ಮ. "ಕಾಲಾಡಿದ್ರೆ ಸಕ್ಕರೆ ಹಿಡಿತಕ್ಕೆ ಬರುತ್ತೆ, ತಲೆಗೂ ಒಳ್ಳೇದು. ಗ್ಯಾರಂಟಿ ಕೊಡಲ್ಲ. ಆದ್ರೆ ಕೂತು ಕೆಟ್ಟವರನ್ನ ಬೇಕಾದಷ್ಟು ನೋಡಿದ್ದೀನಿ."

ನಡಿಗೆ ಅಂದರೆ ಮಾರು ದೂರ ಓಡುವ ಆಸಾಮಿ! ಒತೀಲಿಯ ಅವನನ್ನು ಚೌಕದ ದನ್ಸೋನ್ ಕುಣಿತಕ್ಕೆ ಎಳೆದೊಯ್ದಳು. ಅದರಲ್ಲಿ ಕುಣಿಯುವುದು ಸುಲಭ, ನಿಲ್ಲುವುದೇ ಕಷ್ಟ. ಪಲ್ಲವಿ ಬಂದಾಗಲೆಲ್ಲ ಜೋಡಿಗಳು ನಿಲ್ಲಬೇಕು. ಹೆಂಗಸರು ಬೀಸಣಿಗೆ ಬೀಸಬೇಕು. ಪಲ್ಲವಿ ಎರಡು ಸಲ ಮುಗಿಯುವ ತನಕ ಮನಸ್ಸಲ್ಲೇ ಎಣಿಸಿ, ತಾಳದ ಸರಿಯಾದ ಏಟಿಗೆ ಹೆಜ್ಜೆ ಇಡಬೇಕು. ಎರಡು ವರ್ಷ ಅವಳ ಕಾಲು ತುಳಿದ. ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

"ನಾನು ಎಣಿಕೆ ತಪ್ಪಿದ ದಿನ ಸಕ್ಕರೆ ತಲೆಗೇರ್ತು ಅಂತ ತಿಳ್ಕೊ," ಎನ್ನುತ್ತಿದ್ದ.

ಮೊನ್ನೆ ಶನಿವಾರ ಪಲ್ಲವಿಯ ಬಳಿಕ ಎಲ್ಲ ಜೋಡಿಗಳೂ ಹೆಜ್ಜೆ ಇಟ್ಟವು. ಅವನೊಬ್ಬ ಕಂಬದ ಹಾಗೆ ನಿಂತ. ಕೈ ಹಿಡಿದೆಳೆದರೆ, "ತಡಿಯೇ, ಇನ್ನೂ ಇದೆ," ಎಂದ. ಎಣಿಕೆ ತಪ್ಪಿತು, ಎಂದುಕೊಂಡಳು ಅವಳು. ಮನೆಗೆ ಬಂದ ಮೇಲೂ ಕೇಳಲು ಧೈರ್ಯ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಅವನ ಹೃದಯ ನಿಂತಿತು.

*

ಶವಪೆಟ್ಟಿಗೆ ಹೊಸಿಲು ದಾಟುವಾಗ ಚೌಕದ ವಾದ್ಯಮೇಳದ ಮುಖ್ಯಸ್ಥ ಮೆಲಿತೋನ್ ಟೋಪಿ ತೆಗೆದು ಹತ್ತಿರ ಬಂದ.

"ಒತೀಲಿಯಮ್ಮಾ, ನನ್ನದೊಂದು ತಪ್ಪಾಗಿದೆ. ಶನಿವಾರ ಪಲ್ಲವೀನ ಒಂದೇ ಸಲ ನುಡಿಸಿ ಮುಂದಕ್ಕೆ ಹಾರಿಬಿಟ್ಟೆ. ನನ್ನ ಹಿಂದೆ ಮೇಳ, ಮೇಳದ ಹಿಂದೆ ಇಡೀ ಚೌಕ, ಕುರಿಮಂದೆ! ಎಣಿಕೆ ಸರಿಯಿದ್ದಿದ್ದು ಯಜಮಾನ್ರದ್ದು ಒಬ್ಬರದ್ದೇ. ಅವತ್ತು ಮನೆಗೆ ಹೋಗ್ತಾ ನನಗೆ ಕಣ್ಣು ಹೊಡೆದ್ರು, ಅಷ್ಟೇ. ಯಾರೆದುರೂ ನನ್ನ ಮಾನ ಕಳೀಲಿಲ್ಲ."

ಒತೀಲಿಯ ಪೆಟ್ಟಿಗೆಯತ್ತ ತಿರುಗಿದಳು.

"ಅಯ್ಯೋ, ಕಳ್ಳ! ನನಗೂ ಹೇಳ್ಲಿಲ್ವಲ್ಲೋ!" ಅಳು ನಗು ಒಟ್ಟಿಗೇ ಬಂತು. "ನಿನ್ನ ಹೊಟ್ಟೆ ತಣ್ಣಗಿರ್ಲಿ, ಮೆಲಿತೋನ್. ಕೇಳಿದ್ಯೇನೇ ನಿಯೇವೆಸ್? ನಿಮ್ಮಪ್ಪಂಗೆ ಎಲ್ಲ ನೆನಪಿತ್ತು. ಎಲ್ಲಾ."

ಮೇಳ ಮುಂದೆ ಹೊರಟಿತು, ಪೆಟ್ಟಿಗೆ ಹಿಂದೆ. ಹೊತ್ತವರೆಲ್ಲ ಚೌಕದ ಕುಣಿತಗಾರರೇ. ತಿರುವಿನಲ್ಲಿ ಪಲ್ಲವಿ ಬಂತು. ನಡುಬೀದಿಯಲ್ಲೇ ಎಲ್ಲರೂ ನಿಂತರು. ಒತೀಲಿಯ ತನ್ನ ಬೀಸಣಿಗೆ ಬಿಚ್ಚಿ ಪೆಟ್ಟಿಗೆಯ ಮೇಲೆ ಮೆಲ್ಲಗೆ ಬೀಸಿದಳು. ಪಲ್ಲವಿ ಒಂದು ಸಲ ಮುಗಿಯಿತು. ಮುಂದೆ ಹೊತ್ತಿದ್ದವನ ಕಾಲು ಮೇಲೆದ್ದಿತು.

"ತಡಿಯೋ," ಎಂದಳು, "ಇನ್ನೂ ಇದೆ."

ಅವನು ಕಾಲು ಕೆಳಗಿಟ್ಟ. ಪಲ್ಲವಿ ಮತ್ತೆ ಮೊದಲಿಂದ ಬಂತು. ಅದು ಮುಗಿದ ಏಟಿಗೆ ಅವಳು ಬೀಸಣಿಗೆ ಪಟ್ಟನೆ ಮಡಚಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಎಡಗಾಲು ಮುಂದಿಟ್ಟಳು.