ಕಸದ ಗಾಡಿಯಲ್ಲಿ ಗಂಡ

"ಏ, ಕಸದ ಗಾಡೀನ ಎಲ್ಲಿಗ್ ನುಗ್ಗಿಸ್ತಿದ್ದೀಯೇ? ಇದೇನ್ ತಿಪ್ಪೆಗುಂಡಿನಾ? ಆಸ್ಪತ್ರೆ ಕಣೇ, ಮುಂಡೇದೇ."

ಗೇಟಿನ ಕಾವಲುಗಾರ ಕೋಲು ಅಡ್ಡ ಹಿಡಿದ. ಬೀದಿ ಗುಡಿಸುವವಳು ತಳ್ಳುಗಾಡಿ ನಿಲ್ಲಿಸಿ, ಮೇಲೆ ಹೊದಿಸಿದ್ದ ಗೋಣಿ ಸರಿಸಿದಳು. ಒಳಗೆ ಅವಳ ಗಂಡ ಮುದುರಿ ಕೂತಿದ್ದ. ಗೋದಾಮಿನಲ್ಲಿ ಎರಡೆರಡು ಮೂಟೆ ಒಟ್ಟಿಗೆ ಹೊರುತ್ತಿದ್ದ ಆಳು. ಮೂತ್ರಪಿಂಡ ಕೈಕೊಟ್ಟ ಮೇಲೆ ಕಾಲು ಬಾತು, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತಿತ್ತು.

"ಕಸ ಅಲ್ಲಣ್ಣ, ನನ್ ಗಂಡ."

"ಕಸ ಅಂತ್ಲೇ ಹೇಳೇ. ಕಸಕ್ಕಾದ್ರೆ ಎಲ್ಲಾದ್ರೂ ಒಂದ್ ಜಾಗ ಸಿಗುತ್ತೆ," ಎಂದ ಗಂಡ ನಗಲು ಹೋಗಿ ಕೆಮ್ಮಿದ.

ಗಾಡಿ ಹೊರಗೇ ಬಿಟ್ಟು ಅವನನ್ನು ತಬ್ಬಿ ನಡೆಸಿಕೊಂಡು ಹೋದಳು.

ಸೇವಾ ಸಂಸ್ಥೆಯೊಂದರ ಆಸ್ಪತ್ರೆ ಅದು. ಡಯಾಲಿಸಿಸ್ ಪುಕ್ಕಟೆ. ಆದರೆ ಊರ ಆ ತುದಿಯ ಕೊಳೆಗೇರಿಯಿಂದ ಇಲ್ಲಿಗೆ ಬರುವುದು ಹೇಗೆ? ಅವನ ಊದಿದ ಮುಖ ಕಂಡರೆ ಕಂಡಕ್ಟರ್ ಬಸ್ಸು ನಿಲ್ಲಿಸಗೊಡುತ್ತಿರಲಿಲ್ಲ. ಕಚೇರಿಯ ಮೇಡಂ ಮುಂದೆ ಅವಳು ಕೈಮುಗಿದು ನಿಂತಳು.

"ಅಂಗಳದಲ್ಲಿ ನಿಮ್ದೇ ವ್ಯಾನ್ ನಿಂತಿದ್ಯಲ್ಲ, ಅಮ್ಮಾ..."

"ಔಷಧಿ ಪುಕ್ಕಟೆ ಕೊಡ್ತೀವಿ, ಹೊತ್ಕೊಂಡ್ ಬರೋಕೂ ನಾವೇ ಬೇಕಾ? ಸದರ ಕೊಟ್ರೆ ತಲೆ ಮೇಲೇ ಕೂರ್ತೀರಿ."

ಗಾಡಿಯ ಸುದ್ದಿ ಅವಳ ಮೇಸ್ತ್ರಿಯ ಕಿವಿಗೂ ಬಿತ್ತು. "ಸರ್ಕಾರಿ ಗಾಡೀಲಿ ಗಂಡನ್ ಮೆರವಣಿಗೆ ಮಾಡ್ತೀಯೇನೇ, ಬೇವಾರ್ಸಿ?" ಎಂದವನು ಗಾಡಿಗೆ ಸರಪಳಿ ಬಿಗಿದು ಬೀಗ ಜಡಿದ.

ಮುಂದಿನ ಸರದಿ ತಪ್ಪಿತು. ಅದರ ಮುಂದಿನದಕ್ಕೆ ಅವಳು ಅವನನ್ನು ಬೆನ್ನ ಮೇಲೆ ಹೊತ್ತಳು. ಬಿಸಿಲೇರಿತ್ತು. ಅವನ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು.

"ನಾನ್ ಮೂಟೆ ಹೊರೋವಾಗ ಹಿಂಗ್ ಬಗ್ತಿರ್ಲಿಲ್ಲ ಕಣೇ."

"ನಿಮ್ ಮೂಟೆ ಮಾತಾಡ್ತಿರ್ಲಿಲ್ಲ. ಸುಮ್ನಿರ್ರೀ."

ಅವನು ಸುಮ್ಮನಾದ. ಸೇತುವೆ ದಾಟಿದ ಮೇಲೆ, ಕುತ್ತಿಗೆಗೆ ಉಸಿರು ತಾಗುತ್ತಿಲ್ಲವೆಂದು ಅವಳಿಗೆ ತಿಳಿಯಿತು. ಆದರೂ ಇಳಿಸಲಿಲ್ಲ. ಆಸ್ಪತ್ರೆಯ ತಿರುವಿನವರೆಗೂ ನಡೆದಳು. ಅಲ್ಲಿ ರಸ್ತೆ ಬದಿಯಲ್ಲಿ ಅವನನ್ನು ಇಳಿಸಿದಳು.

ನೋಡಿದವರು ಯಾರೋ ಸಂಸ್ಥೆಗೆ ಫೋನ್ ಮಾಡಿದರು. ವ್ಯಾನ್ ಬಂದೇ ಬಿಟ್ಟಿತು. ಚಾಲಕ ಇಳಿದು ಹಿಂಬಾಗಿಲು ತೆರೆದ.

"ಎತ್ತಮ್ಮ, ಮನೆಗ್ ತಲುಪಿಸ್ತೀನಿ. ಹೆಣ ಸಾಗ್ಸೋದು ಪುಕ್ಕಟೆ."

"ಬೆಳಿಗ್ಗೆ ಎಲ್ಲಿತ್ತಣ್ಣ ಈ ಗಾಡಿ?"

ಅವನು ಮುಖ ತಿರುಗಿಸಿದ. "ಜೀವ ಇರೋರನ್ನ ಹತ್ತಿಸ್ಕೊಳ್ಳೋ ಹಂಗಿಲ್ಲಮ್ಮ. ರೂಲ್ಸು."

ಅವಳು ಗಂಡನನ್ನು ರಸ್ತೆಯ ನಟ್ಟನಡುವೆ ಎಳೆದುಕೊಂಡು, ಅವನ ತಲೆಯನ್ನು ತೊಡೆಯ ಮೇಲಿಟ್ಟು ಕೂತಳು. ಬಸ್ಸು, ಕಾರು, ಲಾರಿ ಒಂದರ ಹಿಂದೊಂದು ನಿಂತವು. ಹಾರ್ನುಗಳು ಕಿವಿ ಕಿತ್ತುಹೋಗುವಂತೆ ಅರಚಿದವು.

"ಏಳೇ ಮೇಲೆ, ಜನ ಹೋಗ್ಬೇಕು," ಎಂದು ಬಸ್ಸಿನಿಂದ ಯಾರೋ ಕೂಗಿದರು.

"ನಾವೂ ಹೋಗ್ಬೇಕಿತ್ತು," ಎಂದಳು.

ಮತ್ತೆ ಅವಳು ಯಾರ ಕಡೆಗೂ ನೋಡಲಿಲ್ಲ. ಅವನ ಕೆನ್ನೆಗೆ ಅಂಟಿದ್ದ ತನ್ನ ಬೆವರನ್ನು ಸೆರಗಿನಿಂದ ಒರೆಸತೊಡಗಿದಳು.